ಎಡಕ್ಕೆ ತಿರುಗಿ ಕೂತವಳು

"ಅಮ್ಮಾ, ನಾನ್ ಕತೆ ಹೇಳ್ವಾಗ ಲಕ್ಷ್ಮಕ್ಕ ನನ್ನ ಮುಖ ನೋಡಲ್ಲ, ಗೋಡೆ ನೋಡ್ತಾಳೆ. ಅವಳಿಗೆ ನನ್ ಕತೆ ಇಷ್ಟ ಇಲ್ವಾ?"

ಮೊನ್ನೆ ಎಣ್ಣೆ ಹಚ್ಚುವಾಗ ಹಂಸ ಕೇಳಿದಳು. ಇಷ್ಟ ಇದೆ ಕಣೇ, ಸುಮ್ನೆ ಕೂರು ಅಂದೆ. ನಾಲ್ಕು ವರ್ಷದವಳಿಗೆ ಕಂಡದ್ದು ನನಗೆ ಇಷ್ಟು ದಿನ ಕಂಡಿರಲಿಲ್ಲ.

ಲಕ್ಷ್ಮಿದೇವಿ ಬೈಯಪ್ಪನಹಳ್ಳಿಯ ನಮ್ಮ ಮನೆಯ ಹಿಂದಿನ ಬಾಡಿಗೆ ರೂಮಿನವಳು. ಅಪ್ಪ ಪೀರಪ್ಪ ಲಿಂಗಸುಗೂರಿನ ಕಡೆಯವರು, ಗಾರೆ ಕೆಲಸ. ಅಮ್ಮ ಸುಭದ್ರಮ್ಮ ಮೂರು ಮನೆಯ ಪಾತ್ರೆ ತೊಳೆಯುತ್ತಾರೆ. ಮಗಳಿಗೆ ಪಿಯುಸಿಯಲ್ಲಿ ಫಸ್ಟ್ ಕ್ಲಾಸು ಬಂದಾಗ ಪೀರಪ್ಪ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ದರು. ಬಿ.ಎ. ಮೊದಲ ವರ್ಷದಲ್ಲಿ ಎರಡು ವಿಷಯ ಹೋಯಿತು. ಈ ಜನವರಿ, 2003ರಲ್ಲಿ, ಕಾಲೇಜೇ ನಿಂತಿತು. "ಹುಡುಗರ ವಿಷಯವಂತೆ, ಅವ್ರಪ್ಪ ಬಿಡಿಸ್ಬಿಟ್ರು" ಎಂದು ನಮ್ಮತ್ತೆ ಆಂಜನಮ್ಮ ಕೇಳಿಕೊಂಡು ಬಂದಿದ್ದರು. ನಾನೂ ನಂಬಿದ್ದೆ.

ನಿನ್ನೆ ಅವಳು ಬಟ್ಟೆ ಒಣಹಾಕಲು ಬಂದಾಗ ಮಗುವಿನ ಪ್ರಶ್ನೆಯನ್ನೇ ಕೇಳಿದೆ. ಬಕೆಟ್ ಕೆಳಗಿಟ್ಟಳು.

"ನನ್ನ ಎಡಗಿವಿ ಕೇಳಂಗಿಲ್ರಿ ಅಕ್ಕ. ಸಣ್ಣಾಕಿದ್ದಾಗ ಕೀವು ಸೋರಿ ಹೋತು. ಮದಿವಿ ಆಗೋತನ ಯಾರ ಮುಂದೂ ಅನಬ್ಯಾಡ ಅಂತ ಅವ್ವ ಆಣಿ ಹಾಕ್ಯಾಳ."

ಪಿಯುಸಿಯಲ್ಲಿ ಎಲ್ಲಿ ಬೇಕಾದರೂ ಕೂರಬಹುದಿತ್ತು. ಮುಂದಿನ ಬೆಂಚು ಹಿಡಿದು ಪಾಸಾದಳು. ಡಿಗ್ರಿಯಲ್ಲಿ ರೋಲ್ ನಂಬರಿನಂತೆ ಬೆಂಚು. ಹೆಸರು ಕೂಗುವುದಿಲ್ಲ, ಖಾಲಿ ಜಾಗ ನೋಡಿ ಆಬ್ಸೆಂಟ್ ಹಾಕುತ್ತಾರೆ. ಅವಳದು ಆರನೇ ಬೆಂಚು. ಎಂಬತ್ತು ಜನರ ಉದ್ದನೆಯ ಕೋಣೆಯಲ್ಲಿ ಎಡಕ್ಕೆ ಹುಡುಗರು, ಬಲಕ್ಕೆ ಕಿಟಕಿಯ ಪಕ್ಕ ಹುಡುಗಿಯರು. ಕಿಟಕಿಯಾಚೆ ರೈಲು ಹಳಿ. ಬೋರ್ಡಿನ ಬಲ ಅರ್ಧಕ್ಕೆ ಬಿಸಿಲು ಹೊಡೆಯುತ್ತದೆಂದು ಮೇಷ್ಟ್ರು ಎಡತುದಿಯಲ್ಲೇ ನಿಂತು ಹೇಳುತ್ತಿದ್ದರು. ಕೇಳುವ ಕಿವಿಗೆ ರೈಲು, ಕೇಳದ ಕಿವಿಗೆ ಪಾಠ. ಅದಕ್ಕೇ ಅವಳು ಪೂರ್ತಿ ಎಡಕ್ಕೆ ತಿರುಗಿ, ಬಲಗಿವಿಯನ್ನು ಬೋರ್ಡಿಗೆ ಕೊಟ್ಟು ಕೂರುತ್ತಿದ್ದಳು. ಹಾಗೆ ಕೂತರೆ ಎದುರಿಗೆ ಬರುವುದು ಹುಡುಗರ ಸಾಲು.

"ಯಾರ ಮಾರಿನೂ ನೋಡ್ಲಿಲ್ರಿ. ಕಣ್ಣು ತೆರೆದಿದ್ವು, ಅಷ್ಟ."

"ಮಗಾ, ನಿನ್ನೇ ಕಣೋ" ಎಂದು ಹುಡುಗರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರಂತೆ. ಒಂದು ದಿನ ಅರ್ಥಶಾಸ್ತ್ರದ ಮೇಷ್ಟ್ರು ಪಾಠ ನಿಲ್ಲಿಸಿ, "ಏನಮ್ಮಾ, ಬೋರ್ಡ್ ಇಲ್ಲಿದೆ. ನಿನ್ ಪಾಠ ಅವರ ಮುಖದ ಮೇಲೆ ಬರ್ದಿದ್ಯಾ?" ಅಂದರು. ಇಡೀ ಕ್ಲಾಸು ನಕ್ಕಿತು. ಆಮೇಲೆ ಅಪ್ಪನನ್ನು ಕರೆಸಿದರು. ಪ್ರಿನ್ಸಿಪಾಲರ ಮುಂದೆ ಇವಳು ಅವ್ವನ ಆಣೆಗೆ ಬಾಯಿ ಬಿಡಲಿಲ್ಲ. ಮನೆಗೆ ಬಂದ ಮೇಲೆ ಅಪ್ಪನಿಗೆ ಕಾರಣ ಹೇಳಿದಳು.

"ಕೇಳ್ಲಿಲ್ಲಂದ್ರ ಮುಂದ ಹೋಗಿ ಕೂಡಬೇಕಿಲ್ಲ? ಬಸ್ಸಿನಾಗ ಬೇಕಾದಲ್ಲಿ ಕೂಡಂಗಿಲ್ಲೇನು?" ಅಂದರಂತೆ ಪೀರಪ್ಪ. "ಅವ್ರು ಕಲ್ತವ್ರು. ಸುಳ್ಳು ಯಾಕ ಹೇಳ್ತಾರ?"

ಪೀರಪ್ಪ ಎರಡು ಶಾಲೆಗಳಿಗೆ ಗೋಡೆ ಎಬ್ಬಿಸಿದ್ದಾರೆ. ಯಾವ ಶಾಲೆಯಲ್ಲೂ ಕೂತವರಲ್ಲ.

"ಬಾ, ನಾನೇ ನಿನ್ ಜೊತೆ ಕಾಲೇಜಿಗೆ ಬರ್ತೀನಿ. ಡಾಕ್ಟರ್ ಹತ್ರ ಒಂದು ಕಾಗದ ಬರೆಸ್ಕೊಂಡ್ರೆ ಬೆಂಚು ಬದಲಾಯಿಸ್ತಾರೆ" ಅಂದೆ.

"ಟಿ.ಸಿ. ತಗೊಂಡಾತ್ರಿ ಅಕ್ಕ. ಯುಗಾದಿ ಆದಮ್ಯಾಗ ಮಸ್ಕಿ ಕಡೆ ಕೊಡ್ತಾರ. ಅದು ಆಗ್ಲಿ ಬಿಡ್ರಿ." ಒದ್ದೆ ಸೀರೆಯ ತುದಿಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಉಳಿದಿರಲಿಲ್ಲ. "ಅಪ್ಪ ನನ್ನ ಕೂಡ ಮಾತು ಬಿಟ್ಟು ಎರಡು ತಿಂಗಳಾತು. ಹಂಗೇ ಕಳಿಸಿಬಿಡ್ತಾನ."

ಸೀರೆಯನ್ನು ಅವಳ ಕೈಯಿಂದ ತೆಗೆದುಕೊಂಡು ತಂತಿಗೆ ಹಾಕಿದೆ. ಅವಳು ಬಲಗಿವಿ ನನ್ನ ಕಡೆ ಬರುವಂತೆ ತಿರುಗಿ ನಿಂತು ಕೇಳಿದಳು:

"ರವಿವಾರ ಅಪ್ಪ ಮನ್ಯಾಗ ಇರ್ತಾನ್ರಿ. ನೀವು ಬಂದು ನಮ್ಮ ರೂಮಿನ ಎಡಮೂಲ್ಯಾಗ ಮೇಷ್ಟ್ರಂಗ ನಿಂತು, ಏನರ ಸಣ್ಣ ದನಿಯಾಗ ಪಾಠ ಹೇಳ್ರಿ. ನಾ ಹಿಂದ ನನ್ನ ಜಾಗಾದಾಗ ಕೂಡ್ತೀನಿ. ಹುಡುಗರು ಕೂಡೋ ಕಡೆ ಅಪ್ಪನ್ನ ಕೂಡಿಸ್ರಿ."