ಆಯಿ ಆರತಿ ಎತ್ತಿದ ಐರ್ಲೆಂಡಿನ ರೈಲು

ಛತ್ರಪತಿ ಸಂಭಾಜಿನಗರದಲ್ಲಿ ನಾನಿರುವ ಕಟ್ಟಡದ ಮೆಟ್ಟಿಲ ಕಂಬಿಗಳಿಗೆ ಈಚೆಗೆ ಬಣ್ಣ ಹೊಡೆದರು. ಸಂಜೆ ಕೆಲಸ ಮುಗಿಸಿ ಬಂದು ಗೇಟು ತಳ್ಳಿದೊಡನೆ ಥಿನ್ನರಿನ ವಾಸನೆ ಮೂಗಿಗೆ ಬಡಿಯಿತು. ಮೊದಲು ಬಂದದ್ದು ಖುಷಿ. ಶಾಲೆಯಿಂದ ಓಡಿಬಂದು, ಚೀಲ ಎಸೆದು, "ಕಾಕಾ, ಇವತ್ತರ ಓಡ್ತದೇನ್ರಿ?" ಎಂದು ಕೂಗುವ ಹುಡುಗಿಯ ಖುಷಿ. ಅದರ ಬೆನ್ನಿಗೇ ಭಯ. ಯಾರ ಮನೆಯಲ್ಲಾದರೂ ಈ ಹೊತ್ತಿನಲ್ಲಿ ಕರ್ಪೂರ ಹಚ್ಚಿದ್ದಾರೆಯೇ ಎಂದು ಮೇಲಿನ ಕಿಟಕಿಗಳನ್ನೆಲ್ಲ ನೋಡುತ್ತ ನಿಂತುಬಿಟ್ಟೆ.

ನಾನು ಬೆಳೆದದ್ದು ನಾಸಿಕ್ ಪಕ್ಕದ ದೇವಳಾಲಿ ಕ್ಯಾಂಪಿನ ಒಂದು ಬಾಡಿಗೆ ಮನೆಯಲ್ಲಿ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾದಾಗ ಬೀದರಿನ ಮನೆಗೆ ಮನೆಯೇ ಎದ್ದು ಬಂದಿತ್ತು: ಅಪ್ಪನ ತಾಯಿ ಆಯಿ, ಅಪ್ಪ, ಅವ್ವ, ಅಪ್ಪನ ತಮ್ಮನಾದ ಕಾಕಾ, ಅವರ ಹೆಂಡತಿ ಕಾಕು, ಮತ್ತು ಆ ಮನೆಗೆಲ್ಲ ಒಬ್ಬಳೇ ಹುಡುಗಿಯಾದ ನಾನು. ಪಕ್ಕದ ಸೈನ್ಯದ ಮೈದಾನದಲ್ಲಿ ಫಿರಂಗಿ ಅಭ್ಯಾಸವಿದ್ದ ದಿನ ಅಡುಗೆಮನೆಯ ತಾಟುಗಳು ತಾವಾಗಿ ಗಲಗಲ ಅನ್ನುತ್ತಿದ್ದವು, ಯಾರೂ ತಲೆ ಎತ್ತುತ್ತಿರಲಿಲ್ಲ. ಕಾಕಾ ಅಂಬಡ್‌ನಲ್ಲಿ ವಿದ್ಯುತ್ ಸಾಮಾನು ಮಾಡುವ ಕಾರ್ಖಾನೆಗೆ ಹೋಗುತ್ತಿದ್ದರು. ಕ್ಯಾಂಪಿನ ಹಳೇ ಪುಸ್ತಕದಂಗಡಿಯಲ್ಲಿ, ವರ್ಗವಾಗಿ ಹೋದ ಯಾವುದೋ ಫೌಜಿ ಮನೆಯವರು ಬಿಟ್ಟುಹೋದ ಒಂದು ರೈಲು ಪತ್ರಿಕೆ ಅವರ ಕೈಗೆ ಸಿಕ್ಕಿತು. ಅದರಲ್ಲಿ ಕಡಿದಾದ ಹಸಿರು ಗುಡ್ಡ, ಕೆಳಗೆ ಸಮುದ್ರ, ನಡುವೆ ಕಿತ್ತಳೆ-ಕಪ್ಪು ಬಣ್ಣದ ಐರ್ಲೆಂಡಿನ ರೈಲು. ಚಿತ್ರಕ್ಕಿಂತ ಹೆಚ್ಚಾಗಿ ಅವರನ್ನು ಹಿಡಿದದ್ದು ಅಲ್ಲಿನ ಹಳಿಯ ಅಗಲ. ನಮ್ಮದು ಐದೂವರೆ ಅಡಿ, ಅವರದು ಅದಕ್ಕಿಂತ ಮೂರೇ ಇಂಚು ಕಡಿಮೆ. "ಇಂಗ್ಲೆಂಡ್‌ನವ್ರು ಕೈ ಬಿಗಿಹಿಡದಾರ. ಇವ್ರು ನೋಡ್ರಿ, ನಮ್ಮಂಗ ಅಗಲ ಹಾಕ್ಯಾರ!" ಎಂದು ಆ ರಾತ್ರಿ ಊಟದ ತಾಟಿನ ಮುಂದೆ ತಮ್ಮ ಬೀಗರನ್ನೇ ಹೊಗಳುವವರಂತೆ ಹೇಳಿದರು.

ಆ ರೈಲನ್ನು ಆಟದ ಅಳತೆಯಲ್ಲಿ ಮನೆಯಲ್ಲೇ ಓಡಿಸುವ ಹುಚ್ಚು ಅವರಿಗೆ ಹತ್ತಿತು. ಅಂಗಡಿಯಲ್ಲಿ ಸಿಗುವ ಆಟದ ಹಳಿ ಆ ಅಗಲಕ್ಕೆ ಸಾಲದು. ಹೀಗಾಗಿ ಕಾಕಾ ಕಾರ್ಖಾನೆಯಲ್ಲಿ ಕೇಳಿ ತಂದ, ತಾಮ್ರ ಮೆತ್ತಿದ ಹಲಗೆಯ ಚೂರುಗಳನ್ನು ಕಡ್ಡಿಗಳಾಗಿ ಕೊಯ್ದು, ಅವುಗಳ ಮೇಲೆ ಸಣ್ಣ ಕಂಬಿಗಳನ್ನು ತಾವೇ ಬೆಸೆದು ಹಳಿ ಮಾಡಿದರು. ಕೊಂಡ ಎಂಜಿನ್ನಿನ ಗಾಲಿಗಳನ್ನು ಬಿಚ್ಚಿ ದೂರ ದೂರ ಕೂರಿಸಿದರು. ಹಿಂದಿನ ಕೋಣೆಯ ನಾಲ್ಕೂ ಗೋಡೆಗೆ ಸೊಂಟದೆತ್ತರ ಹಲಗೆ ಬಂತು. ಬಾಗಿಲಿಗೆ ಅಡ್ಡ ಬರುವಲ್ಲಿ ಎತ್ತಿ ಇಳಿಸುವ ಹಲಗೆ, ಅದರ ಮೇಲೆ ಸಮುದ್ರ ದಾಟುವ ಸೇತುವೆ. ಅಗುಳಿ ಹಾಕಿದರೆ ಹಳಿಗೆ ಹಳಿ ಕೂಡುತ್ತಿತ್ತು. "ಮ್ಯಾಲ ನಿಂತು ಕುಣೀರಿ, ಮುರಿಯಂಗಿಲ್ಲ" ಎನ್ನುತ್ತಿದ್ದರು. ಗುಡ್ಡದ ಹುಲ್ಲಿಗೆ ಹಸಿರು ಬಣ್ಣ ಕಲಸಿದ ಮರದ ಹೊಟ್ಟು. ಅದನ್ನು ಜರಡಿ ಹಿಡಿಯುವುದನ್ನು ಕಂಡು ಕಾಕು ಕೂಗಿದರು: "ರೀ, ಅದು ಜ್ವಾಳದ ಹಿಟ್ಟಿನ ಜರಡಿ! ನಾಳಿ ನಿಮ್ಮ ರೊಟ್ಟಿ ಹಸ್ರು ಬಂದ್ರ ನನಗ ಕೇಳಬ್ಯಾಡ್ರಿ." ಆಯಿ ಹೊಸ್ತಿಲಲ್ಲಿ ನಿಂತು ಗುಡ್ಡವನ್ನೆಲ್ಲ ಕಣ್ಣಲ್ಲೇ ಅಳೆದು, "ಇಷ್ಟು ದೊಡ್ಡ ಗುಡ್ಡದ ಮ್ಯಾಲ ಒಂದು ಗುಡಿ ಇಲ್ಲೇನೋ?" ಎಂದರು. "ಚರ್ಚ್ ಅದ ನೋಡವ್ವ" ಎಂದರು ಕಾಕಾ. "ಇರ್ಲಿ, ಅದಕ್ಕೊಂದು ಇಭೂತಿ ಹಚ್ಚು." ಐರ್ಲೆಂಡಿನ ಸ್ಟೇಷನ್ನುಗಳ ಬೋರ್ಡಿನಲ್ಲಿ ಎರಡು ಭಾಷೆ ಇರುತ್ತವೆಂದು ಪತ್ರಿಕೆಯಲ್ಲಿ ಕಂಡಿತ್ತು. ಕಾಕಾ ನಮ್ಮ ಸ್ಟೇಷನ್ನಿನ ಬೋರ್ಡಿನಲ್ಲಿ ಅವೆರಡರ ಕೆಳಗೆ ಕನ್ನಡವನ್ನೂ ಬರೆದರು. ಆಯಿಗೆ ಓದಲು ಬರುತ್ತಿದ್ದದ್ದು ಅದೊಂದೇ. ನಾಸಿಕ್ಕಿಗೆ ಬಂದ ಮೇಲೆ ಅವರು ತಾವಾಗಿ ಓದಿದ ಸ್ಟೇಷನ್ ಹೆಸರು ಅದೊಂದೇ ಇರಬೇಕು.

ಹಳಿ ಕೂಡಿದ್ದು ಖಂಡೇನವಮಿಯ ಹಿಂದಿನ ದಿನ. ಸಂಜೆ ಗುಡ್ಡಕ್ಕೆ ಕೊನೆಯ ಬಣ್ಣ ಬಿತ್ತು, ಮನೆಯೆಲ್ಲ ಥಿನ್ನರು. ಮರುದಿನ ಬೆಸುಗೆ ಕಡ್ಡಿ, ಅರ, ಇಕ್ಕಳಗಳನ್ನೆಲ್ಲ ಮಣೆಯ ಮೇಲಿಟ್ಟು ಪೂಜೆ ಮಾಡಿದೆವು. ಎಂಜಿನ್ನಿಗೆ ಒಂದು ಚೆಂಡುಹೂವು. ಆರತಿ ತಾನೇ ಎತ್ತುವೆನೆಂದು ಆಯಿಯ ಹಟ. ಅವರ ಮೊಣಕಾಲು ಬಗ್ಗುತ್ತಿರಲಿಲ್ಲವಾದ್ದರಿಂದ ಕಾಕಾ ಸೇತುವೆ ಎತ್ತಿ ಅವರನ್ನು ಒಳಗೆ ಕರೆದೊಯ್ದರು, ನಡುವೆ ಸ್ಟೂಲಿನ ಮೇಲೆ ಕೂರಿಸಿದರು, ಸೇತುವೆ ಇಳಿಸಿ ಅಗುಳಿ ಹಾಕಿದರು. ನಾವೆಲ್ಲ ಬಾಗಿಲ ಹೊರಗೆ.

ಬಾಗಿಲ ಹೊರಗಿಂದಲೇ ಕಾಕಾ ಗುಂಡಿ ತಿರುಗಿಸಿದರು, ರೈಲು ಹೊರಟಿತು! ನಾನು ಕಿರುಚಿದೆ, ಅವ್ವ ಚಪ್ಪಾಳೆ ತಟ್ಟಿದರು. ದೇವರು ಕೂತಿದ್ದರೆ ಆರತಿಯನ್ನು ಅದರ ಸುತ್ತ ಎತ್ತಬಹುದು. ಇಲ್ಲಿ ದೇವರೇ ಆಯಿಯ ಸುತ್ತ ಓಡುತ್ತಿತ್ತು. ಆಯಿ ತಟ್ಟೆ ಹಿಡಿದು, ಕಾಲು ನೆಲಕ್ಕೆ ಒತ್ತಿ, ಸ್ಟೂಲಿನ ಮೇಲೆ ಕೂತಲ್ಲೇ ಅದರ ಜೊತೆ ತಿರುಗತೊಡಗಿದರು. "ಏ ಸಾವಕಾಶ ಹೊಡಿಯೋ, ನನಗ ಚಕ್ರ ಬರ್ಲಕತ್ತಾದ!" ಎಂದು ನಕ್ಕರು. ಆ ನಗುವಿನಲ್ಲೇ ತಟ್ಟೆ ವಾಲಿತು. ಉರಿಯುವ ಕರ್ಪೂರದ ಬಿಲ್ಲೆ ಸೇತುವೆಯ ಪಕ್ಕದ ಗುಡ್ಡದ ಮೇಲೆ ಬಿತ್ತು.

ಹಸಿ ಬಣ್ಣದ ಹೊಟ್ಟಿನ ಮೇಲೆ ಬೆಂಕಿ ಓಡಿದ್ದು ಈಗಲೂ ನನ್ನ ಕಣ್ಣ ಮುಂದೆ ಓಡುತ್ತದೆ. ಮೊದಲು ನೀಲಿ, ಆಮೇಲೆ ಹಳದಿ. ಬಾಗಿಲ ಬದಿಯೇ ಹೊತ್ತಿಕೊಂಡಿತ್ತು, ಒಳಗೆ ಆಯಿ. "ಅತ್ತಿ, ಸೆರಗು ಎಳಕೊಳ್ರಿ!" ಎಂದು ಕೂಗಿ ಕಾಕು ಪ್ಲಗ್ ಕಿತ್ತರು. ಅಪ್ಪ ಕೊಡ ತರಲು ಓಡಿದರು. ಕಾಕಾ ಅಗುಳಿಗೆ ಕೈ ಹಾಕಿದರು, ಸುಟ್ಟು ಹಿಂದೆ ತೆಗೆದರು. ಕೆಳಗೆ ನುಸುಳಲು ಆಯಿಗೆ ಆಗದು. ಕಾಕಾ ಭುಜ ಕೊಟ್ಟು ಸೇತುವೆಗೆ ಗುದ್ದಿದರು. ಮುರಿಯಲಿಲ್ಲ. ಮತ್ತೆ ಗುದ್ದಿದರು. ಮುರಿಯಲಿಲ್ಲ. ನನ್ನ ಕನಸುಗಳು ಇಂದಿಗೂ ಇಲ್ಲಿಗೇ ನಿಲ್ಲುತ್ತವೆ. ಆ ದಿನ ಮಾತ್ರ ಕಾಕಾ ಹಿಂದೆ ಸರಿದು, ಮೈಯೆಲ್ಲ ಎಸೆದರು. ಅಷ್ಟು ದಿನ ಅರ ಹಿಡಿದು ಉಜ್ಜಿದ ಸೇತುವೆಯ ಕಮಾನುಗಳು ಲಟಲಟ ಮುರಿದವು, ಎಂಜಿನ್ನು ಅವರ ಕಾಲ ಬಳಿ ಬಿತ್ತು. ಅವರು ಆಯಿಯನ್ನು ಮಗುವಿನಂತೆ ಎತ್ತಿಕೊಂಡು ಹೊಗೆಯೊಳಗಿಂದ ಬಂದರು.

ಅಂಗಳದಲ್ಲಿ ಆಯಿ ತಮ್ಮ ಸುಟ್ಟ ಸೆರಗನ್ನು ನೋಡಲಿಲ್ಲ. "ನನ್ನ ಕೈಲಿಂದ ಸುಟ್ಟು ಹೋತಲ್ಲೋ" ಎಂದು ಅತ್ತರು. ಕಾಕಾ ಬೊಬ್ಬೆ ಎದ್ದ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ, "ಓಡಿತಿಲ್ಲ ಅವ್ವ? ನೀ ನೋಡ್ದಿಲ್ಲ? ಮುಗೀತು ಬಿಡು" ಎಂದರು.

ಆಮೇಲೆ ಅಪ್ಪನಿಗೆ ಮತ್ತೆ ವರ್ಗವಾಯಿತು. ಕಾಕಾನಿಗೆ ಇಲ್ಲಿ ಸಂಭಾಜಿನಗರದಲ್ಲಿ ಬೇರೆ ಕೆಲಸ ಸಿಕ್ಕಿತು. ಒಂದು ಒಲೆ ಎರಡಾಯಿತು. ಆಯಿ ತೀರಿಹೋದರು. ದೇವಳಾಲಿಯ ಆ ಮನೆ ಬಿದ್ದು ಅಲ್ಲಿ ಲಾಡ್ಜ್ ಎದ್ದಿದೆ. ಥಿನ್ನರಿನ ವಾಸನೆ ಬಂದ ಆ ವಾರದ ಭಾನುವಾರ ನಾನು ಕಾಕಾನ ಫ್ಲ್ಯಾಟಿಗೆ ಹೋಗಿ ಕೇಳಿದೆ: "ಈಗ ಐರ್ಲೆಂಡಿನ ಎಂಜಿನ್ ಎಲ್ಲಾ ತಯಾರ್ ಸಿಗ್ತಾವಂತ ಕಾಕಾ. ಮತ್ತೊಮ್ಮಿ ಹಾಕ್ರಿಲ್ಲ?"

ಅವರು ತಲೆ ಅಲ್ಲಾಡಿಸಿದರು. "ಓಡಸಲಿಕ್ಕಿ ನಾ ಒಬ್ಬ ಸಾಕವ್ವ. ನಡುವ ಕುಂತು ನೋಡೋರು ಬೇಕಲ್ಲ" ಎಂದರು. ನಾನು ಹೊರಡಲು ಚಪ್ಪಲಿ ಹಾಕುತ್ತಿದ್ದಾಗ ಅವರ ಮುಖ ಒಮ್ಮೆಲೇ ಅರಳಿತು.

"ಹ್ಯಾಂಗ ತಿರುಗಿದ್ಳು ನೋಡು ಆಕಿ!"