ಇತಿಹಾಸದ ಕಾಕಾ ಮತ್ತು ಕಹಿ ಸೌತೆಕಾಯಿ

ಬೇಸಿಗೆ ಶುರುವಾಯಿತೆಂದರೆ ಕಾಕಾನ ಮೂಗಿನ ತುದಿಯಲ್ಲಿ ಒಂದು ಬೆವರಿನ ಹನಿ ಬಂದು ಕೂರುತ್ತಿತ್ತು. ಬೀಳುತ್ತಿರಲಿಲ್ಲ. ಮಾತಿನ ಭರದಲ್ಲಿ ಅವರು ತಲೆ ಆಡಿಸಿದಂತೆಲ್ಲ ಅದೂ ಆಡುತ್ತಿತ್ತು. ಕೇಳಲು ನಿಂತವರು ಅವರು ತೋರಿಸುತ್ತಿದ್ದ ಹಳೆಯ ಗೋಡೆಯನ್ನು ಬಿಟ್ಟು ಆ ಹನಿಯನ್ನೇ ನೋಡುತ್ತಿದ್ದರು. ನಾನಂತೂ ಅವರು ಊಟಕ್ಕೆ ಕುಳಿತ ಕೂಡಲೇ ಚಟ್ನಿಯ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸುತ್ತಿದ್ದೆ. ಕೈಯಾಡಿಸಿ ಮಾತಾಡಲು ಜಾಗ ಮಾಡಿಕೊಡುತ್ತಿದ್ದೇನೆ ಎಂದು ಅವರು ತಿಳಿದಿದ್ದರು.

ಪುಣೆಯ ಬಿಬವೇವಾಡಿಯ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಇತಿಹಾಸದ ಕಾಕಾ ಎನ್ನುತ್ತಿದ್ದರು. ಮೂಲ ಧಾರವಾಡದ ಕಡೆಯವರು. ಜೀವಮಾನವೆಲ್ಲ ಭೋಸರಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಕುಳಿತು, ಒಳಗೆ ಬರುವ ಹೊರಗೆ ಹೋಗುವ ಲಾರಿಗಳ ನಂಬರು ಬರೆದವರು. ನಿವೃತ್ತರಾದ ಮೇಲೆ ತಲೆಗೊಂದು ಟೋಪಿ ಹಾಕಿ, ಕೈಯಲ್ಲಿ ಮಡಿಸಿದ ಕೊಡೆ ಹಿಡಿದು ಇತಿಹಾಸಕಾರರಾಗಿಬಿಟ್ಟರು. ಅದಕ್ಕೆ ಅವರೇನೂ ಓದಬೇಕಾಗಲಿಲ್ಲ. ಭಾನುವಾರ ಬೆಳಿಗ್ಗೆ ಮಾಡಲು ಬೇರೆ ಕೆಲಸವಿಲ್ಲದ ಜನರನ್ನು ಕೂಡಿಸಿಕೊಂಡು ಹಳೆಯ ಪೇಟೆಗಳ ಓಣಿ ಸುತ್ತುವುದು, ಕೊಡೆಯ ತುದಿಯಿಂದ ಯಾರದೋ ಮನೆಯ ಗೋಡೆಗೆ ಕುಟ್ಟಿ ಬಾಯಿಗೆ ಬಂದದ್ದು ಹೇಳುವುದು, ಕೊನೆಗೆ ಎಲ್ಲರನ್ನೂ ಒಂದು ಹೋಟೆಲಿಗೆ ನುಗ್ಗಿಸಿ ತಾವೂ ಹೊಟ್ಟೆ ತುಂಬ ತಿನ್ನುವುದು, ಇಷ್ಟೇ ಅವರ ಸಂಶೋಧನೆ. ಒಂದು ವಾಡೆಯ ಯಜಮಾನರು ಗೋಡೆಯ ಗಿಲಾವು ಉದುರಿತೆಂದು ಅವರನ್ನು ಓಣಿಯ ಕೊನೆಯವರೆಗೂ ಬೈಯುತ್ತ ಅಟ್ಟಿದ್ದರು. ಮುಂದಿನ ವಾರ ಇನ್ನೊಂದು ಗುಂಪಿನೊಡನೆ ಅದೇ ಜಾಗದಲ್ಲಿ ನಿಂತು, ಆ ಗೋಡೆಯ ಗಾಯ ಇಂಗ್ಲಿಷರ ತೋಪಿನ ಗುಂಡಿನದು ಎಂದರಂತೆ.

ಹೋಟೆಲುಗಳ ಬಗ್ಗೆ ಅವರು ಬಿಡುತ್ತಿದ್ದ ರೈಲು ಇನ್ನೂ ಉದ್ದ. ಪುಣೆಯವರಿಗೆ ಸೋಲಾಪುರ ದಾಟಿದರೆ ಎಲ್ಲವೂ ದಕ್ಷಿಣವೇ. ಸಕ್ಕರೆ ಸುರಿದ ಸಾಂಬಾರಿನಲ್ಲಿ ಇಡ್ಲಿ ಮುಳುಗಿಸಿಕೊಟ್ಟು ಬೋರ್ಡಿನಲ್ಲಿ ‘ಸೌತ್’ ಎಂದು ಬರೆದರೆ ಸಾಕು, ಹೊರಗೆ ಸಾಲು ನಿಲ್ಲುತ್ತಾರೆ. ಕಾಕಾ ಅಂಥ ಕಡೆಗೇ ಜನರನ್ನು ಕರೆದೊಯ್ಯುತ್ತಿದ್ದರು. ಒಮ್ಮೆ ನನ್ನನ್ನೂ ಕರೆದಿದ್ದರು. ಏರ್ ಕಂಡೀಶನ್ನಿನ ತಣ್ಣನೆಯ ಹೋಟೆಲಿನಲ್ಲಿ ಕೂರಿಸಿ, ಪೇಶವೆಯ ಕಾರಭಾರಿಯೊಬ್ಬ ಇದೇ ಮೇಜಿನ ಮೇಲೆ ದೋಸೆ ತಿನ್ನುತ್ತಿದ್ದ ಎಂದು ಘೋಷಿಸಿದರು. ಮೇಜು ಸನ್ಮೈಕಾದ್ದು. ಯಾರೊಬ್ಬರೂ ಕಿಸಕ್ಕೆನ್ನಲಿಲ್ಲ, ಎಲ್ಲರೂ ಅದರ ಫೋಟೋ ತೆಗೆದುಕೊಂಡರು. ಹೇಳುವವರಿಗೆ ನಾಚಿಕೆಯಿಲ್ಲ ಸರಿ, ಕೇಳುವವರಿಗಾದರೂ ಬುದ್ಧಿ ಬೇಡವೇ ಎಂದು ನನಗೆ ಮೈಯೆಲ್ಲ ಉರಿಯಿತು. ಬರುವಾಗ ದಾರಿಯಲ್ಲಿ ಕೇಳಿಯೂ ಬಿಟ್ಟೆ. ಅವರು ಹಲ್ಲು ಕಿರಿದರು.

“ಇತಿಹಾಸ ಅಂದ್ರ ಅಡಗಿ ಇದ್ದಂಗ ರೀ ಅಕ್ಕಾರ,” ಎಂದರು. “ಉಪ್ಪು ಹಾಕದಿದ್ರ ಯಾರೂ ಬಾಯಾಗ ಇಡೂದಿಲ್ಲ.”

ಈ ಮಾತನ್ನು ಅವರು ಅದೆಷ್ಟು ಸಲ ಹೇಳುತ್ತಿದ್ದರೆಂದರೆ, ಅವರು ಬಾಯಿ ತೆರೆಯುವ ಮೊದಲೇ ನನಗೆ ಉಪ್ಪಿನ ವಾಸನೆ ಬರುತ್ತಿತ್ತು.

ಇಂಥವರ ಸಹವಾಸ ನನಗೇಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ಬೇಕಿರಲಿಲ್ಲ. ಬೇಸಿಗೆ ಬೇಕಾಗಿಸಿತು. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಬಾಡಿಗೆ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಖಾನಾವಳಿ ನಡೆಸುತ್ತ ಬಂದಿದ್ದೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಗುರೆಳ್ಳು ಚಟ್ನಿ. ಉಣ್ಣುವವರು ಬೆಳಗಾವಿ, ಗದಗ, ಬಾಗಲಕೋಟೆಯ ಕಡೆಯ ಹುಡುಗರು. ಕೆಲವರು ಆಫೀಸಿನವರು, ಕೆಲವರು ಕಾರ್ಖಾನೆಯವರು. ಹೋಳಿ ಮುಗಿದು ಬಿಸಿಲೇರಿದರೆ ಅರ್ಧ ಜನ ಊರಿಗೆ ಹೋಗುತ್ತಾರೆ. ಉಳಿದವರು ಬಿಸಿ ರೊಟ್ಟಿ ನೋಡಿ ಬೆವರು ಒರೆಸಿಕೊಂಡು ಐಸ್‌ಕ್ರೀಮಿನ ಅಂಗಡಿಗೆ ಹೋಗುತ್ತಾರೆ. ಪ್ರತಿ ವರ್ಷವೂ ಹೇಗೋ ದಾಟಿಸುತ್ತಿದ್ದೆ. ಆ ವರ್ಷ ಕೈಸೋತಿತ್ತು. ಗದಗಿನಲ್ಲಿದ್ದ ಅಕ್ಕ ತನ್ನ ಮನೆಯಲ್ಲಿ ನನಗಾಗಿ ಒಂದು ಕೋಣೆ ಖಾಲಿ ಮಾಡಿ ಇಟ್ಟಿದ್ದಳು. ಈ ಬೇಸಿಗೆ ದಾಟದಿದ್ದರೆ ಒಲೆ ಆರಿಸಿ ಹೊರಟುಬಿಡುವುದೆಂದು ನಾನೂ ಹೇಳಿ ಕಳಿಸಿದ್ದೆ. ಅಕ್ಕನ ಮನೆಯ ಮೂಲೆಯಲ್ಲಿ ಮಾತಿಲ್ಲದೆ ಕುಳಿತು ಅವಳ ಸೊಸೆ ಬಡಿಸಿದ್ದನ್ನು ಉಣ್ಣುವ ಯೋಚನೆ ಬಂದಾಗಲೆಲ್ಲ ನಾನು ಎದ್ದು ಹಂಚು ತಿಕ್ಕಲು ಕೂರುತ್ತಿದ್ದೆ.

ಇದು ಓಣಿಯವರ ಬಾಯಿಂದ ಕಾಕಾನ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಮಜ್ಜಿಗೆ ಕುಡಿಯುವ ನೆಪದಲ್ಲಿ ಬಂದು ಕುಳಿತರು. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಉಣ್ಣುವುದನ್ನೇ ಮಾಡಿರಿ, ಜನರನ್ನು ನಾನು ತರುತ್ತೇನೆ ಎಂದರು. ಜೋಳದ ನುಚ್ಚಿಗೆ ತಣ್ಣನೆಯ ಮಜ್ಜಿಗೆ, ಮಾವಿನಕಾಯಿ ಚಿತ್ರಾನ್ನ, ಸೌತೆಕಾಯಿ ಕೋಸಂಬರಿ, ಮೊಸರನ್ನಕ್ಕೆ ಕರಿದ ಬಾಳಕದ ಮೆಣಸಿನಕಾಯಿ, ಕುಡಿಯಲು ಬೆಲ್ಲದ ಪಾನಕ. ಅದನ್ನೆಲ್ಲ ದುಡ್ಡು ಕೊಟ್ಟು ಯಾರು ತಿನ್ನುತ್ತಾರೆ, ಅದು ಮನೆಯಲ್ಲಿ ಅಡುಗೆ ಮಾಡಲು ಬೇಸರವಾದಾಗ ತಿನ್ನುವುದು ಎಂದು ನಾನು ನಕ್ಕೆ. ತಿನ್ನುವ ಹಾಗೆ ಮಾಡುವುದು ತಮ್ಮ ಜವಾಬ್ದಾರಿ ಎಂದರು.

ಮಾಡಿದರು, ಹೇಗೆ ಎಂದು ಹೇಳಲು ನನಗೆ ಇವತ್ತಿಗೂ ನಾಚಿಕೆ. ‘ದಕ್ಷಿಣದ ಬೇಸಿಗೆ ಊಟ’ ಎಂದು ಹೆಸರಿಟ್ಟರು. ನನ್ನ ಮುತ್ತಜ್ಜ ಪೇಶವೆಯ ದಂಡಿನ ಹಿಂದೆ ಕರ್ನಾಟಕದಿಂದ ಬಂದ ಅಡುಗೆಯವನು ಎಂದರು. ನನ್ನ ಮುತ್ತಜ್ಜ ಗದಗಿನ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ನೀರು ಕಾಯಿಸಲೂ ಬರುತ್ತಿರಲಿಲ್ಲವೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ದಂಡಿನ ಕುದುರೆ ಸವಾರರು ನುಚ್ಚು ಮಜ್ಜಿಗೆ ಕುಡಿದೇ ಕೃಷ್ಣೆಯನ್ನು ದಾಟಿದರು ಎಂದರು. ಬಂದವರು ಟೋಪಿ, ಕಪ್ಪು ಕನ್ನಡಕ, ಹೆಗಲಿಗೆ ನೀರಿನ ಬಾಟಲಿ ಹಾಕಿಕೊಂಡು ನನ್ನ ಹಂಚಿನ, ಒರಳಿನ, ಕೊನೆಗೆ ನನ್ನ ಸೀರೆಯ ಸೆರಗಿನ ಫೋಟೋ ತೆಗೆದರು. ತಟ್ಟೆಯಲ್ಲಿದ್ದುದು ಒಣಗುತ್ತಿದ್ದರೂ ತಿನ್ನುತ್ತಿರಲಿಲ್ಲ, ಫೋಟೋ ಸರಿಯಾಗಿ ಬರಬೇಕಲ್ಲ. ಇದು ಅಥೆಂಟಿಕ್ಕೇ ಎಂದು ಒಬ್ಬಳು ಕೇಳಿದಳು. ಇದು ನುಚ್ಚು ಎಂದೆ.

ಎಷ್ಟೋ ಸಲ ಬಾಗಿಲಲ್ಲಿ ನಿಂತು ಎಲ್ಲರೆದುರು ಸತ್ಯ ಹೇಳಿಬಿಡಬೇಕು ಎನಿಸಿತು. ಹೇಳಲಿಲ್ಲ, ಭಾನುವಾರ ಬಂದರೆ ತಟ್ಟೆಗಳು ಸಾಲುತ್ತಿರಲಿಲ್ಲ. ಹೊಟ್ಟೆಪಾಡಿಗಾಗಿ ಬಾಯಿ ಮುಚ್ಚಿಕೊಂಡಿರುವುದು ಎಂಥ ಹಿಂಸೆಯೆಂದು ನನಗಾಗ ತಿಳಿಯಿತು. ಆ ಸಿಟ್ಟನ್ನೆಲ್ಲ ಮನಸ್ಸಿನಲ್ಲೇ ಕಾಕಾನ ಮೇಲೆ ಕಾರುತ್ತಿದ್ದೆ. ರುಚಿಯ ಗಂಧ ಗಾಳಿ ಇಲ್ಲದ ಮನುಷ್ಯ, ನಾಲಿಗೆ ಇರುವುದೇ ಸುಳ್ಳು ಹೇಳಲು ಎಂದುಕೊಳ್ಳುತ್ತಿದ್ದೆ. ಯಾಕೆಂದರೆ ಅವರು ಯಾವುದನ್ನು ತಿಂದರೂ ಒಂದೇ ಮಾತು: “ಭಾಳ ಛಲೋ ಆಗೇದ.” ಸನ್ಮೈಕಾ ಮೇಜಿನ ದೋಸೆಗೂ ಅದೇ, ನನ್ನ ಚಿತ್ರಾನ್ನಕ್ಕೂ ಅದೇ.

ಹೀಗಿರುವಾಗ ಒಂದು ಭಾನುವಾರ ಮರಾಠಿ ಪತ್ರಿಕೆಯಲ್ಲಿ ಊಟ ತಿಂಡಿಯ ಬಗ್ಗೆ ಬರೆಯುವ ಹೆಂಗಸೊಬ್ಬಳನ್ನು ಕಾಕಾ ಕರೆತರುವವರಿದ್ದರು. ಆಕೆ ಒಳ್ಳೆಯದು ಬರೆದರೆ ಬೇಸಿಗೆ ದಾಟಿತು, ಕೆಟ್ಟದ್ದು ಬರೆದರೆ ಗದಗಿನ ಬಸ್ಸು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವತ್ತು ಬೆಳಿಗ್ಗೆಯೇ ಕರೆಂಟು ಹೋಯಿತು. ಮಿಕ್ಸರ್ ನಿಂತಿತು, ಕಾಯಿ ಒರಳಿಗೆ ಹೋಯಿತು, ಹೊತ್ತೇರಿತು. ಪುಣೆಯ ಹತ್ತಿರದ ಶಿರೂರಿನ ಕಡೆಯಿಂದ ತರಕಾರಿ ತರುವ ಹೆಂಗಸು ತಂದುಕೊಟ್ಟಿದ್ದ ಎಳೆ ಸೌತೆಕಾಯಿಗಳನ್ನು ಗಡಿಬಿಡಿಯಲ್ಲಿ ಹೆಚ್ಚಿ, ನೆನೆದ ಹೆಸರುಬೇಳೆಗೆ ಹಾಕಿ, ಒಗ್ಗರಣೆ ಕೊಟ್ಟು ಕಳಿಸಿದೆ. ಸೌತೆಕಾಯಿಯ ತುದಿ ಕೊಯ್ದು, ಆ ತುದಿಯಿಂದಲೇ ತಿಕ್ಕಿ ತಿಕ್ಕಿ ನೊರೆ ತೆಗೆಯಬೇಕು. ಬಿಸಿಲಿನ ಸೌತೆಕಾಯಿಯ ಕಹಿ ಹಾಗೆ ಹೋಗುತ್ತದೆ. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ಕೆಲಸ ಇದು. ತುದಿ ಕೊಯ್ಯುವುದೂ ಆಗಲಿಲ್ಲ, ತಿಕ್ಕುವುದೂ ಆಗಲಿಲ್ಲ, ರುಚಿ ನೋಡುವುದೂ ಆಗಲಿಲ್ಲ.

ಆ ಹೆಂಗಸು ಮೊದಲ ಚಮಚ ಬಾಯಿಗಿಟ್ಟಳು. ಮುಖ ಕಿವುಚಿದಳು. ಪಕ್ಕದವನು ಬಾಯಲ್ಲಿದ್ದುದನ್ನು ನುಂಗಲೋ ಉಗುಳಲೋ ತಿಳಿಯದೆ ಕೆನ್ನೆ ಉಬ್ಬಿಸಿ ಕುಳಿತ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಏನಾಯಿತೆಂದು ತಕ್ಷಣ ಹೊಳೆಯಿತು. ಮುಗಿಯಿತು, ಎಂದುಕೊಂಡೆ.

ಕಾಕಾ ಒಂದು ದೊಡ್ಡ ಚಮಚ ಬಾಯಿಗಿಟ್ಟು ಅಗಿದರು. ಕಣ್ಣು ಮುಚ್ಚಿದರು. ಮೂಗಿನ ಹನಿ ನಡುಗಿತು. ಆಮೇಲೆ ನಿಧಾನವಾಗಿ, ಮರಾಠಿಯಲ್ಲಿ, ಇದಕ್ಕಾಗಿಯೇ ನಿಮ್ಮನ್ನೆಲ್ಲ ಇಲ್ಲಿಯವರೆಗೆ ಕರೆತಂದದ್ದು ಎಂದರು. ಚೈತ್ರದ ಬಿಸಿಲಿನಲ್ಲಿ ಊಟದ ಮೊದಲ ತುತ್ತು ಕಹಿಯಾಗಿಯೇ ಇರಬೇಕೆಂದು ಪೇಶವೆಯ ವೈದ್ಯರ ಅಪ್ಪಣೆಯಿತ್ತು, ಪಿತ್ತ ಇಳಿಯಲು. ಅದಕ್ಕೆಂದೇ ಕರ್ನಾಟಕದ ಅಡುಗೆಯವರು ಕಹಿ ಸೌತೆಕಾಯಿಯನ್ನು ಹುಡುಕಿ ಆರಿಸಿ ಕೋಸಂಬರಿ, ಮರಾಠಿಯವರ ಕೋಶಿಂಬೀರ್, ಮಾಡುತ್ತಿದ್ದರು. ಯುಗಾದಿಯ ಪಾಡವಾದ ದಿನ ನೀವು ಬೇವಿನೆಲೆ ತಿನ್ನುವುದಿಲ್ಲವೇ, ಅದು ಎಲ್ಲಿಂದ ಬಂತೆಂದುಕೊಂಡಿರಿ, ಎಂದು ಕೇಳಿದರು.

ಬೇವಿನ ಮಾತು ಬಂದ ಕೂಡಲೇ ಎಲ್ಲರ ತಲೆಗಳೂ ಆಡಿದವು. ಕೆನ್ನೆ ಉಬ್ಬಿಸಿ ಕುಳಿತವನು ನುಂಗಿದ. ಕಾಕಾ ಇನ್ನೊಂದು ಸಲ ಹಾಕಿಸಿಕೊಂಡರು. ಅವರು ಹಾಕಿಸಿಕೊಂಡರೆಂದು ಉಳಿದವರೂ ಹಾಕಿಸಿಕೊಂಡರು. ಆ ಹೆಂಗಸು ಮುಖ ಗಂಭೀರ ಮಾಡಿಕೊಂಡು, ಔಷಧಿಯ ಹಾಗೆ, ತಟ್ಟೆ ಖಾಲಿ ಮಾಡಿದಳು. ಪಾತ್ರೆಯ ತಳದಲ್ಲಿ ನನಗೆ ರುಚಿ ನೋಡಲು ಒಂದಿಷ್ಟು ಉಳಿಯಿತು. ಬಾಯಿಗಿಟ್ಟು ಉಗುಳಿದೆ. ಇಂಥ ಕಹಿಯನ್ನು ಎರಡು ಸಲ ತಿಂದ ಮನುಷ್ಯನ ನಾಲಿಗೆ ಚರ್ಮದ್ದೇ ಇರಬೇಕು ಎಂದುಕೊಂಡೆ. ಗಂಡಾಂತರ ತಪ್ಪಿದ್ದಕ್ಕೆ ಸಂತೋಷಪಡುವ ಬದಲು ಅವರನ್ನು ಹೀಗಳೆಯುತ್ತ ನಿಂತಿದ್ದೆ, ಅಷ್ಟು ರೂಢಿಯಾಗಿತ್ತು.

ಜನ ಚಪ್ಪಲಿ ಹುಡುಕುತ್ತಿರುವಾಗ ಕಾಕಾ ಎಂದೂ ಇಲ್ಲದ್ದು ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು ಅಡುಗೆಮನೆಗೆ ಬಂದರು. ತಟ್ಟೆ ಇಟ್ಟು, ಕಿಸೆಯಿಂದ ಕರವಸ್ತ್ರ ತೆಗೆದು ಮೂಗಿನ ಹನಿ ಒರೆಸಿಕೊಂಡರು. ಅವರು ಅದನ್ನು ಒರೆಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಸೌತಿಕಾಯಿ ತುದಿ ತಿಕ್ಕೂದು ಮರತ್ರಿ ಅಕ್ಕಾರ,” ಎಂದರು, ಹೊರಗೆ ಕೇಳದಂತೆ. “ನಾ ತಿಕ್ಕದ ಕೊಟ್ರ ನಮ್ಮವ್ವ ಲಟ್ಟಣಗಿ ತಗೊಂಡು ಬರ್ತಿದ್ಲು. ಒಂದಿಷ್ಟು ಮಜ್ಜಗಿ ಕೊಡ್ರಿ, ಬಾಯಿ ಕೆಟ್ಟು ಹೋಗೇದ.”

ಮಜ್ಜಿಗೆ ಕೊಟ್ಟೆ. ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದರು. ಅದನ್ನೂ ಕೊಟ್ಟೆ. ಕೃತಜ್ಞತೆ ಎಂದು ಹೇಳಿದರೆ ಅದೂ ಸುಳ್ಳಾದೀತು. ಆಗ ಬಂದದ್ದು ಸಿಟ್ಟು. ಇಷ್ಟು ದಿನ ಯಾರನ್ನು ನಾಲಿಗೆಯಿಲ್ಲದವರೆಂದು ಕೀಳಾಗಿ ಕಂಡಿದ್ದೆನೋ ಅವರಿಗೆ ನನ್ನಷ್ಟೇ ರುಚಿ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಾನಕ್ಕಾಗಿ ಎರಡು ಸಲ ಕಹಿ ನುಂಗಿದ್ದರು. ಒಬ್ಬ ಸುಳ್ಳುಗಾರನ ಹಂಗಿಗೆ ಬೀಳುವುದು ಸುಲಭವಲ್ಲ.

ಆ ಹೆಂಗಸು ಬರೆದಳು, ಪೇಶವೆ, ವೈದ್ಯ, ಪಿತ್ತ ಎಲ್ಲವನ್ನೂ. ಬೇಸಿಗೆ ದಾಟಿತು. ಅಕ್ಕ ಆ ಕೋಣೆಯಲ್ಲಿ ಜೋಳದ ಚೀಲ ಇಟ್ಟುಕೊಂಡಳು. ಖಾನಾವಳಿ ಇವತ್ತಿಗೂ ನಡೆದಿದೆ. ಆಮೇಲೆ ಎಷ್ಟೋ ಜನ ಬಂದು ಕಹಿ ಕೋಶಿಂಬೀರ್ ಬೇಕೆಂದರು. ನಾನು ಸುತರಾಂ ಒಪ್ಪಲಿಲ್ಲ. ಬುದ್ಧಿಯಿದ್ದವರು ಕಹಿ ಸೌತೆಕಾಯಿ ಬಡಿಸುತ್ತಾರೆಯೇ? ಸರಿಯಾದ ಸೌತೆಕಾಯಿ ಈ ವರ್ಷ ಬಂದಿಲ್ಲ ಎಂದು ಕಾಕಾ ಪ್ರತಿ ಬೇಸಿಗೆಯೂ ಅವರಿಗೆ ಸಮಾಧಾನ ಹೇಳುತ್ತಿದ್ದರು. ಇದರಿಂದ ಅವರು ಸುಧಾರಿಸಿದರೆಂದು ಯಾರೂ ತಿಳಿಯಬಾರದು. ಸುಳ್ಳು ಇನ್ನೂ ಹೆಚ್ಚಾಯಿತು. ನನ್ನ ಮುತ್ತಜ್ಜನಿಗೆ ಒಂದು ಕುದುರೆಯನ್ನೂ ಕೊಟ್ಟರು.

ಹೋದ ಚಳಿಗಾಲ ಅವರು ತೀರಿಕೊಂಡರು. ಜ್ವರ ಬಂತು, ಎದೆಗೆ ಇಳಿಯಿತು, ಹೋದರು. ಮಣ್ಣಿಗೆ ಹೋದವರಲ್ಲಿ ಓಣಿಯವರಿಗಿಂತ ಭಾನುವಾರದ ಟೋಪಿಯವರೇ ಹೆಚ್ಚಿದ್ದರು. ಒಬ್ಬ ಅವರ ಕೊಡೆಯನ್ನು ತಂದು ಪಕ್ಕದಲ್ಲಿಟ್ಟ. ನನಗೆ ಅಳು ಬರಬಾರದಿತ್ತು, ಬಂತು.

ಚೈತ್ರದಲ್ಲಿ ಆ ಗುಂಪಿನವರು ಫೋನ್ ಮಾಡಿದರು. ಈಗ ಮುಂದಾಳು ಒಬ್ಬ ಶಾಲಾ ಶಿಕ್ಷಕಿ. ಕಾಕಾನ ನೆನಪಿಗಾಗಿ ಬರುತ್ತೇವೆ, ಆ ಕಹಿ ಕೋಶಿಂಬೀರ್ ಒಂದು ಸಲ ಮಾಡುವಿರಾ ಎಂದು ಕೇಳಿದಳು. ಬಾಯಿಗೆ ಬಂದ ‘ಇಲ್ಲ’ ಹೊರಗೆ ಬರಲಿಲ್ಲ. ಶಿರೂರಿನ ತರಕಾರಿಯವಳಿಗೆ ಕಹಿ ಸೌತೆಕಾಯಿ ಬೇಕೆಂದೆ. ಕಹಿ ಬಂತೆಂದು ಜನ ವಾಪಸು ತಂದು ಜಗಳಾಡುತ್ತಾರೆ, ನಿಮಗೇನಾಗಿದೆ ತಾಯಿ ಎಂದು ಅವಳು ನಕ್ಕಳು. ಆದರೂ ಎಲ್ಲಿಂದಲೋ ಹುಡುಕಿ ತಂದಳು. ತುದಿ ಕೊಯ್ಯದೆ, ತಿಕ್ಕದೆ ಹಾಗೆಯೇ ಹೆಚ್ಚಿದೆ. ರೂಢಿಯ ಕೈ ಮತ್ತೆ ಮತ್ತೆ ತುದಿಗೆ ಹೋಗುತ್ತಿತ್ತು.

ಎಲ್ಲರೂ ತಿಂದರು, ಮುಖ ಕಿವುಚದೆ, ಭಕ್ತಿಯಿಂದ. ಶಿಕ್ಷಕಿ ನನ್ನ ಕಡೆ ತಿರುಗಿ, ಪೇಶವೆಯ ವೈದ್ಯರ ಈ ಕಥೆ ನಿಜವೇ ಎಂದು ಕೇಳಿದಳು. ಎಷ್ಟೋ ವರ್ಷಗಳಿಂದ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಸತ್ಯವೆಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

ನಿಜ, ಎಂದೆ ಮರಾಠಿಯಲ್ಲಿ. ನಮ್ಮ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು, ಅವಳಿಗೆ ಅವಳ ಮಾವ ಹೇಳಿದ್ದನಂತೆ, ಕುದುರೆಯ ಮೇಲೆ ಬಂದವನು.

ಒಳಗೆ ಹೋಗಿ ತಳದಲ್ಲಿ ಉಳಿದದ್ದನ್ನು ಒಂದು ಚಮಚ ತಿಂದು ನೋಡಿದೆ. ಈ ಸಲ ಉಗುಳಲಿಲ್ಲ. ಕಹಿ ಗಂಟಲಿನವರೆಗೂ ಇಳಿಯಿತು. ಉಪ್ಪು ಮಾತ್ರ ಸರಿಯಾಗಿ ಬಿದ್ದಿತ್ತು.