ಔಡಲೆಣ್ಣೆಯ ಹನಿ

ಯುದ್ಧದ ಕಾಲದಲ್ಲಿ ನಾನು ಧಾರವಾಡದ ಒಬ್ಬ ಕಣ್ಣಿನ ಡಾಕ್ಟರರ ಬಳಿ ಕಂಪೌಂಡರನಾಗಿದ್ದೆ. ಮನೆಯಲ್ಲಿ ಅವ್ವನಿಗೆ ಕಾಚಬಿಂದು. ಮೋತಿಬಿಂದುವಾದರೆ ಪೊರೆ ತೆಗೆದ ಮೇಲೆ ಮತ್ತೆ ಕಾಣುತ್ತದೆ. ಇದು ಹಾಗಲ್ಲ, ಕಣ್ಣಿನೊಳಗೆ ಒತ್ತಡ ಏರಿ ಒಮ್ಮೆ ಹೋದ ದೃಷ್ಟಿ ಹೋದದ್ದೇ. ಅವಳ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣನ್ನಾದರೂ ಉಳಿಸಿಕೊಳ್ಳಬೇಕಿತ್ತು.

ಒತ್ತಡ ಇಳಿಸುವ ಔಷಧದ ಪುಡಿ ಹಡಗಿನಲ್ಲಿ ಬರಬೇಕು, ಹಡಗುಗಳೇ ಬರುತ್ತಿರಲಿಲ್ಲ. ನೀರಿನಲ್ಲಿ ಕರಗಿಸಿ ಹಾಕಿದರೆ ಕಣ್ಣೀರಿನ ಜೊತೆ ಗಲ್ಲಕ್ಕೆ ಇಳಿದು ಅರ್ಧ ಹಾಳು. ಎಣ್ಣೆಯಲ್ಲಿ ಕರಗಿಸಿದರೆ ಕಣ್ಣಿನಲ್ಲೇ ನಿಂತೀತು, ಮುಂಜಾನೆ ಒಂದು ಹನಿ, ಸಂಜೆ ಒಂದು ಹನಿ ಸಾಕಾದೀತು ಎಂದು ಡಾಕ್ಟರು ಹಟ ಹಿಡಿದರು. ಔಡಲೆಣ್ಣೆ ಕಾಯಿಸಿ ಸೋಸಿ ನಾನೇ ತಯಾರಿಸಿದೆ. ಮೊದಲ ಹನಿ ಅವರು ತಮ್ಮ ಕಣ್ಣಿಗೇ ಹಾಕಿಕೊಂಡರು. ಪಾಪೆ ಸಾಸಿವೆ ಕಾಳಿನಷ್ಟಾಗಿ, ಆ ದಿನವೆಲ್ಲ ಸರಿಯಾಗಿ ಕಾಣದೆ ಎಲ್ಲರ ಮೇಲೂ ಸಿಡುಕಿದರು. ಪಾಪೆ ಸಣ್ಣಗಾದದ್ದು ಔಷಧ ಹತ್ತಿದ ಗುರುತು, ಒಳಗೊಳಗೇ ಖುಷಿಯಾಗಿದ್ದರು.

ಮೊದಲ ರೋಗಿ ಅವ್ವನೇ. "ಎಣ್ಣಿ ಬಂದಾಗ ಕಣ್ಣು ಮುಚ್ಚಿಕೊಂಡ್ರು ಅನ್ನೂಹಂಗ ಆಗಬಾರದು ನೋಡ್ರಿ," ಎಂದು ಡಾಕ್ಟರು ಚೇಷ್ಟೆ ಮಾಡಿದರು. ಅವ್ವನೂ ನಕ್ಕಳು.

ನಮ್ಮದು ಮಡಿಯ ಮನೆ. ಅಡಿಗೆ ಅವ್ವನದೇ, ಸ್ನಾನವಾದ ಮೇಲೆ ಊಟ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ. ಹತ್ತು ಜನರ ಕಣ್ಣು ಮುಟ್ಟಿ ಬರುವ ನಾನಂತೂ ಮಾರು ದೂರ. ಹಾಗಾಗಿ ಅವಳ ಸ್ನಾನಕ್ಕೆ ಮೊದಲೇ ಹನಿ ಹಾಕಿ ದವಾಖಾನೆಗೆ ಹೊರಡುತ್ತಿದ್ದೆ. ಸಂಜೆ, ದೇವರ ದೀಪಕ್ಕೆ ಮೊದಲು, ನನ್ನ ಹೆಂಡತಿ ಹಾಕುತ್ತಿದ್ದಳು.

ಕೆಲವು ವಾರ ಕಳೆದವು. ಡಾಕ್ಟರು ಅವ್ವನ ರೆಪ್ಪೆಯ ಮೇಲೆ ಬೆರಳು ಒತ್ತಿ ನೋಡಿ ನನ್ನ ಕಡೆ ತಿರುಗಿದರು.

"ಕಣ್ಣು ಕಲ್ಲಾಗೇದ. ಪಾಪೀನೂ ಸಣ್ಣ ಆಗಿಲ್ಲ. ರೋಗದ ಕಣ್ಣಿಗೆ ಈ ಎಣ್ಣಿ ಹತ್ತೂದಿಲ್ಲ, ಬಿಡು."

ಶೀಶೆ ಮೇಲಿನ ಹಲಗೆಗೆ ಹೋಯಿತು. ಮತ್ತೆ ನೀರಿನ ಹನಿ ಶುರು ಮಾಡಿದೆವು, ತಡವಾಗಿತ್ತು. ಒಂದು ಮುಂಜಾನೆ ಅವ್ವ ಒಲೆ ಹೊತ್ತಿದೆಯೋ ಇಲ್ಲವೋ ಎಂದು ಅಂಗೈ ಹಿಡಿದು ನೋಡುತ್ತಿದ್ದಳು. ಅಂದಿನಿಂದ ಅಡಿಗೆ ನನ್ನ ಹೆಂಡತಿಯದಾಯಿತು.

ಆಮೇಲೊಂದು ದಿನ ಊಟಕ್ಕೆ ಕುಳಿತಾಗ, ಮಾತಿಗೆ ಮಾತು ಬಂದು, "ಆ ಎಣ್ಣಿ ನಿನಗ ಹತ್ತಲಿಲ್ಲ ನೋಡವಾ," ಎಂದೆ.

"ಹ್ಯಾಂಗ ಹತ್ತತದಪಾ?" ಎಂದಳು ಅವ್ವ. "ಎಣ್ಣಿ ಹತ್ತಿದ ಮ್ಯಾಲೆ ಕಣ್ಣಿಗೆ ಕಡ್ಲಿಹಿಟ್ಟು ಹಚ್ಚಿ ತೊಳಕೊಳ್ಳದ ಒಲಿ ಮುಂದ ಕೂಡ್ಲಿಕ್ಕೆ ಬರ್ತದೇನು? ನೀ ಹೊಸ್ತಿಲಾ ದಾಟೂದಕ್ಕ, ನಾ ಬಚ್ಚಲಕ್ಕ ಹೋಗೂದಕ್ಕ ಸರಿ ಆಗ್ತಿತ್ತು."

"ಹೌದ್ರಿ, ಸಂಜೀಕೂ ತೊಳಕೋತಿದ್ರು," ಎಂದಳು ಹೆಂಡತಿ, ಸಾರು ಬಡಿಸುತ್ತ. ಅವಳಿಗೆ ಅದು ಹೇಳುವಂಥ ಸಂಗತಿಯೇ ಆಗಿರಲಿಲ್ಲ. ಎಣ್ಣೆ ಹಚ್ಚಿಕೊಂಡವರು ತೊಳೆದುಕೊಳ್ಳದೆ ಏನು ಮಾಡುತ್ತಾರೆ?

ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಾರನ್ನ ಕಲಸಿಕೊಂಡು ಉಂಡೆ. ಎಷ್ಟೋ ದಿನ ಹಾಗೇ ಇದ್ದೆ, ಅರಿವಳಿಕೆ ಹಾಕಿದ ಕಣ್ಣಿನ ಹಾಗೆ.

ಆ ಊಟದ ಮರುದಿನವೇ ಡಾಕ್ಟರಿಗೆ ಹೇಳಿದೆ. ಅವರು ಚಷ್ಮಾ ತೆಗೆದು ಬಹಳ ಹೊತ್ತು ಒರೆಸಿದರು. "ಅಂದ್ರ ಔಷಧ ಛಲೋ ಇತ್ತು," ಎಂದರು. ಹೊಸ ಎಣ್ಣೆ ಕಾಯಿಸಿದೆ. ತೊಳೆಯಬೇಡಿ ಎಂದು ಬಂದವರಿಗೆಲ್ಲ ಮೊದಲೇ ಹೇಳತೊಡಗಿದೆವು. ಕೆಲವರ ಕಣ್ಣು ಉಳಿದವು.

ಒಂದು ಸಂಜೆ ನನ್ನ ಅಂಗಿಯಿಂದ ಔಡಲೆಣ್ಣೆಯ ವಾಸನೆ ಅವ್ವನಿಗೆ ಬಂತು. ಕಿಸೆಯಲ್ಲಿ ಶೀಶೆ ಇತ್ತು.

"ಅದೇ ಎಣ್ಣಿ ಏನಪಾ? ಈಗ ಬೇಕಾದ್ರ ಹಾಕು," ಎಂದು ಮುಖ ಮೇಲೆತ್ತಿದಳು. "ಇನ್ನ ನಾ ಒಲಿ ಮುಂದ ಕೂಡೂದಿಲ್ಲಲಾ."

ಹಾಕಿದೆ. ಅವಳು ತೊಳೆದುಕೊಳ್ಳಲಿಲ್ಲ.